ಪೂಲ್ ಹೋಯಿತು, ಅಪಾಯ ಅಂಗಳಕ್ಕೆ ಬಂತು: ಕಾಫಿ ಹೇಳುವ ನಿಯಂತ್ರಣಮುಕ್ತಿಯ ಕಥೆ

ಜನವರಿಯಲ್ಲಿ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಯಾವ ಊರಿಗೆ ಹೋದರೂ ಮನೆ ಮುಂದಿನ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಸಂಜೆ ಅದನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ ಮೇಲೆ ಬೆಳೆಗಾರರು ಮೊಬೈಲ್ ತೆಗೆದು ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಜಾತಿಯ ಕಾಫಿಯ ದರ ನೋಡುತ್ತಾರೆ. ಈಗಲೇ ಕೊಡುವುದೇ, ಮಾರ್ಚ್‌ವರೆಗೆ ಇಟ್ಟುಕೊಳ್ಳುವುದೇ, ಪೇಟೆಯ ವ್ಯಾಪಾರಿಗೆ ಹಾಕುವುದೇ, ಬೀಜ ಸುಲಿದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸುವುದೇ ಎಂದು ಮನೆಯವರೆಲ್ಲ ಕುಳಿತು ಲೆಕ್ಕ ಹಾಕುತ್ತಾರೆ. ಇದೇ ಕಣದಲ್ಲಿ 1985ರಲ್ಲಿ ಅವರ ತಂದೆ ಕಾಫಿ ಒಣಗಿಸುತ್ತಿದ್ದಾಗ ಈ ಪ್ರಶ್ನೆಗಳಲ್ಲಿ ಒಂದೂ ಇರಲಿಲ್ಲ. ಬೆಳೆದ ಕಾಫಿಯನ್ನು ಕೇಂದ್ರ ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ, ಎಂದರೆ ಎಲ್ಲರ ಕಾಫಿಯೂ ಸೇರುವ ಒಂದೇ ರಾಶಿಗೆ, ಒಪ್ಪಿಸಬೇಕಿತ್ತು, ಅಷ್ಟೇ. ಮನೆ ಖರ್ಚಿಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬೇರೆಯವರಿಗೆ ಮಾರಿದರೆ ಅದು ಅಪರಾಧವಾಗುತ್ತಿತ್ತು.

ಈ ಎರಡು ತಲೆಮಾರುಗಳ ನಡುವೆ ನಡೆದದ್ದನ್ನೇ ನಿಯಂತ್ರಣಮುಕ್ತಿ ಎನ್ನುತ್ತೇವೆ. ಈ ಪದ ಈಗ ಮತ್ತೆ ಚಾಲ್ತಿಗೆ ಬಂದಿದೆ. 2025ರ ಜನವರಿ ಕೊನೆಯಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಆರ್ಥಿಕ ಸಮೀಕ್ಷೆ ಬೆಳವಣಿಗೆಗೆ ಮುಖ್ಯ ಮದ್ದೆಂದು ಸೂಚಿಸಿದ್ದು ಇದನ್ನೇ. ಮರುದಿನದ ಬಜೆಟ್ಟಿನಲ್ಲಿ, ಹಣಕಾಸು ಕ್ಷೇತ್ರದ ಹೊರಗಿನ ನಿಯಮಗಳನ್ನೆಲ್ಲ ಪರಿಶೀಲಿಸಲು ಉನ್ನತ ಮಟ್ಟದ ಸಮಿತಿಯ ಘೋಷಣೆಯೂ ಬಂತು. ಅದಕ್ಕೂ ಮೊದಲು, 2023ರ ಜನವಿಶ್ವಾಸ ಕಾಯ್ದೆ 42 ಕಾಯ್ದೆಗಳ 183 ಕಲಮುಗಳಲ್ಲಿ ಸಣ್ಣಪುಟ್ಟ ತಪ್ಪುಗಳಿಗಿದ್ದ ಕ್ರಿಮಿನಲ್ ಶಿಕ್ಷೆಯನ್ನು ತೆಗೆದಿತ್ತು ಅಥವಾ ಸಡಿಲಿಸಿತ್ತು. ದೆಹಲಿಯಲ್ಲಿ ಈ ಚರ್ಚೆ ನಡೆಯುವಾಗ ಪರವಾದವರು ಸ್ವಾತಂತ್ರ್ಯದ ಮಾತಾಡುತ್ತಾರೆ, ವಿರೋಧಿಗಳು ಲೂಟಿಯ ಮಾತಾಡುತ್ತಾರೆ. ಮೂವತ್ತು ವರ್ಷಗಳ ಹಿಂದೆಯೇ ಈ ಹಾದಿಯನ್ನು ಆರಂಭದಿಂದ ಕೊನೆಯವರೆಗೆ ನಡೆದು ಮುಗಿಸಿದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಅನುಭವವನ್ನು ಮಾತ್ರ ಎರಡೂ ಕಡೆಯವರು ಕೇಳುವುದಿಲ್ಲ.

ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ನಿಯಂತ್ರಣಮುಕ್ತಿ ಎಂದರೆ ಖಾಸಗೀಕರಣವಲ್ಲ. ಸರ್ಕಾರ ತನ್ನ ಆಸ್ತಿಯನ್ನು ಮಾರಿದರೆ ಅದು ಖಾಸಗೀಕರಣ. ಯಾರು ಮಾರಬಹುದು, ಯಾರು ಕೊಳ್ಳಬಹುದು, ಯಾವ ದರಕ್ಕೆ, ಎಷ್ಟು ಎಂಬುದರ ಮೇಲಿದ್ದ ಕಟ್ಟಳೆಯನ್ನು ತೆಗೆದರೆ ಅದು ನಿಯಂತ್ರಣಮುಕ್ತಿ. ಕಾಫಿ ಮಂಡಳಿಯನ್ನು ಯಾರಿಗೂ ಮಾರಲಿಲ್ಲ. ಬೆಂಗಳೂರಿನಲ್ಲಿ ಅದರ ಕಚೇರಿ ಇಂದಿಗೂ ಇದೆ. ಹೋದದ್ದು ಒಂದೇ ಒಂದು ನಿಯಮ, ಕಡ್ಡಾಯ ಒಪ್ಪಿಸುವಿಕೆ. ಆ ಒಂದು ನಿಯಮದ ಬುಡದಲ್ಲಿ ಎಷ್ಟೆಲ್ಲ ಬೇರುಗಳಿದ್ದವು ಎಂಬುದು ಅದನ್ನು ಕಿತ್ತ ಮೇಲೆ ಗೊತ್ತಾಯಿತು.

ಈ ನಿಯಮವನ್ನು ಸಮಾಜವಾದದ ಕೂಸು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ, ಬೆಳೆಗಾರರನ್ನು ಉಳಿಸುವುದಕ್ಕಾಗಿ. ಎರಡನೆಯ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಕಾಫಿ ಕೊಳ್ಳುವವರೇ ಇಲ್ಲದಂತಾಯಿತು. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಅದು ಕಾಯ್ದೆಯಾಯಿತು. ಎಲ್ಲರ ಕಾಫಿಯೂ ಒಂದೇ ಪೂಲ್‌ಗೆ ಸೇರಬೇಕು, ಮಂಡಳಿ ಅದನ್ನು ಹರಾಜಿನಲ್ಲಿ ಮಾರಬೇಕು, ಬಂದ ಹಣವನ್ನು ಕಾಫಿಯ ಜಾತಿ ಮತ್ತು ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಬೆಳೆಗಾರರಿಗೆ ಹಂಚಬೇಕು. ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿಯೊಂದು ದೇಶಕ್ಕೂ ರಫ್ತಿನ ಕೋಟಾ ಕಟ್ಟಿಕೊಟ್ಟಾಗ, ಆ ಕೋಟಾ ನಿಭಾಯಿಸಲು ಒಬ್ಬನೇ ಮಾರಾಟಗಾರನಿರುವುದು ಅನುಕೂಲವೂ ಆಯಿತು. ಕೋಟಾ ಮೀರಿದ ಕಾಫಿ ರೂಪಾಯಿ ವ್ಯವಹಾರದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು.

ಆ ಕಾಲವನ್ನು ನೆನೆಯುವ ಹಿರಿಯರ ಮಾತಿನಲ್ಲಿ ಎರಡು ಭಾವಗಳು ಒಟ್ಟಿಗೇ ಇರುತ್ತವೆ. ಒಂದು ನೆಮ್ಮದಿ. ಕಾಫಿ ತಂದು ಇಳಿಸಿದರೆ ಮುಗಿಯಿತು. ಮಾರುವ ಚಿಂತೆಯಿಲ್ಲ, ದರ ಒಂದೇ ಸಲ ನೆಲಕ್ಕೆ ಬೀಳುವ ಭಯವಿಲ್ಲ. ಇನ್ನೊಂದು ಸಿಟ್ಟು. ಒಪ್ಪಿಸಿದಾಗ ಒಂದು ಮುಂಗಡ ಕಂತು ಸಿಗುತ್ತಿತ್ತು, ಮಿಕ್ಕ ಕಂತುಗಳು ಆ ವರ್ಷದ ಪೂಲ್ ಲೆಕ್ಕ ಮುಗಿಯುವವರೆಗೆ ಬಿಡಿಬಿಡಿಯಾಗಿ ಬರುತ್ತಿದ್ದವು. ಕೊನೆಯ ಕಂತು ಕೈಸೇರುವಷ್ಟರಲ್ಲಿ ಗಿಡ ಮತ್ತೆರಡು ಬಾರಿ ಹೂಬಿಟ್ಟಿರುತ್ತಿತ್ತು. ಈ ನಡುವೆ ಪೂಲ್ ನಡೆಸುವ ಖರ್ಚು, ತೆರಿಗೆ ಎಲ್ಲವೂ ಪೂಲ್ ಹಣದಿಂದಲೇ ಕಳೆಯುತ್ತಿದ್ದವು. ಮಂಡಳಿಗೆ ಒಪ್ಪಿಸುವುದು ಮಾರಾಟವೋ ಸ್ವಾಧೀನವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1988ರಲ್ಲಿ ನ್ಯಾಯಾಲಯ ಇದು ಕಡ್ಡಾಯ ಮಾರಾಟವೇ, ಆದ್ದರಿಂದ ಖರೀದಿ ತೆರಿಗೆ ಕೊಡಲೇಬೇಕು ಎಂದಿತು. ಕಡ್ಡಾಯ ಮಾರಾಟ ಎಂಬ ಈ ಎರಡು ಪದಗಳನ್ನು ಜೊತೆಗಿಟ್ಟು ಓದಿದರೆ ಬೆಳೆಗಾರರ ಸಿಟ್ಟು ಅರ್ಥವಾಗುತ್ತದೆ. ಮಾರುವ ಹಕ್ಕಿಲ್ಲ, ಆದರೆ ಮಾರಿದ್ದಕ್ಕೆ ತೆರಿಗೆ ಇದೆ.

1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. ಎಲ್ಲ ದೇಶಗಳೂ ದಾಸ್ತಾನನ್ನು ಮಾರುಕಟ್ಟೆಗೆ ಸುರಿದವು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲ್ ನಿಂತಿದ್ದ ಎರಡು ಕಂಬಗಳೂ ಹೊರಗಿನವು, ಎರಡೂ ಮೂರು ವರ್ಷದೊಳಗೆ ಬಿದ್ದವು. ನಮ್ಮ ದೇಶ ಉದಾರೀಕರಣಕ್ಕೆ ಕೈಹಾಕಿದ್ದೂ ಆಗಲೇ. ಮೊದಲು ಬೆಳೆಯ ಶೇ 30ರಷ್ಟನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಬೆಳೆಗಾರರಿಗೆ ಬಿಟ್ಟರು. ನಂತರ ಮುಕ್ತ ಮಾರಾಟದ ಕೋಟಾ ಬಂತು, ರಫ್ತಿಗೂ ದಾರಿ ತೆರೆಯಿತು. 1996ರ ಸೆಪ್ಟೆಂಬರ್ ಹೊತ್ತಿಗೆ ಪೂಲ್ ಸಂಪೂರ್ಣ ಮುಗಿಯಿತು.

ಆ ವರ್ಷಗಳ ಅದೃಷ್ಟವನ್ನು ಗಮನಿಸಬೇಕು, ಏಕೆಂದರೆ ನಾವು ನಿಯಂತ್ರಣಮುಕ್ತಿಯ ಗುಣ ಎಂದುಕೊಂಡದ್ದರಲ್ಲಿ ಅರ್ಧ ಪಾಲು ಹವಾಮಾನದ್ದು. 1994ರ ಜೂನ್, ಜುಲೈ ತಿಂಗಳಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಎರಡು ಬಾರಿ ಹಿಮ ಬಿತ್ತು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ದರ 1992ರಲ್ಲಿ ಪೌಂಡಿಗೆ 53 ಸೆಂಟ್ ಇದ್ದದ್ದು 1994ರಲ್ಲಿ 134 ಸೆಂಟ್‌ಗೆ ಏರಿತು. ಕೈಗೆ ಸ್ವಾತಂತ್ರ್ಯ ಬಂದ ಗಳಿಗೆಯಲ್ಲೇ ದರವೂ ಬಂತು. ಹಣ ಕಂತಿನಲ್ಲಿ ಬರಲಿಲ್ಲ, ಒಟ್ಟಿಗೆ ಬಂತು. ಮಲೆನಾಡಿನಲ್ಲಿ ಹೊಸ ಮನೆಗಳು ಎದ್ದವು, ಜೀಪುಗಳು ಬಂದವು, ಹೊಸ ಗಿಡ ನೆಟ್ಟರು. 1990-91ರಲ್ಲಿ ಸುಮಾರು 1.7 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 2000-01ರಲ್ಲಿ 3 ಲಕ್ಷ ಟನ್ ದಾಟಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲೇ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ತೋಟದಿಂದ ಲೋಟದವರೆಗಿನ ಸರಪಳಿಯನ್ನು ಒಂದೇ ಕೈಯಲ್ಲಿ ಕಟ್ಟಿದರು. ಪೂಲ್ ಇದ್ದಿದ್ದರೆ ಅಂಥ ಉದ್ಯಮವನ್ನು ಕಾನೂನೇ ಬಿಡುತ್ತಿರಲಿಲ್ಲ. ತೋಟದ ಹೆಸರಿನಲ್ಲೇ ಕಾಫಿ ಮಾರುವುದು, ಒಂದೇ ಜಾತಿಯ ಬೀಜವನ್ನು ಬೇರೆಯಾಗಿ ಸಂಸ್ಕರಿಸಿ ವಿದೇಶಿ ಖರೀದಿದಾರರಿಗೆ ತೋರಿಸುವುದು, ಇವೆಲ್ಲ ಶುರುವಾದದ್ದೂ ಆಮೇಲೆಯೇ. ಪೂಲ್‌ನಲ್ಲಿ ಚೆನ್ನಾಗಿ ಒಣಗಿಸಿದವರ ಕಾಫಿಯೂ ಉದಾಸೀನ ಮಾಡಿದವರ ಕಾಫಿಯೂ ಒಂದೇ ರಾಶಿಯಲ್ಲಿ ಬೆರೆಯುತ್ತಿತ್ತು. ಅದನ್ನು ಮುಗಿಸಿದ್ದು ಸರಿಯಾಗಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಪೂಲ್ ಬರೀ ಕೊಳ್ಳುವ ಕೈ ಆಗಿರಲಿಲ್ಲ. ಏರಿಳಿತವನ್ನು ಎಲ್ಲರ ಮೇಲೂ ಹಂಚುತ್ತಿದ್ದದ್ದು ಅದು. ತೂಕ ಮತ್ತು ಗುಣಮಟ್ಟವನ್ನು ವ್ಯಾಪಾರಿಯಲ್ಲದ ಒಬ್ಬರು ಅಳೆಯುವ ಜಾಗವೂ ಅದೇ. ದಾಸ್ತಾನು ಇಟ್ಟುಕೊಳ್ಳುವ ಖರ್ಚನ್ನು, ವಿದೇಶಿ ಖರೀದಿದಾರರನ್ನು ಹುಡುಕುವ ಕೆಲಸವನ್ನು ಅದೇ ಹೊತ್ತಿತ್ತು. ಕಡ್ಡಾಯ ಒಪ್ಪಿಸುವಿಕೆ ಹೋದ ದಿನ ಈ ಎಲ್ಲ ಕೆಲಸಗಳೂ ಒಟ್ಟಿಗೆ ಅನಾಥವಾದವು. ಅವನ್ನು ಬೇರೆ ಯಾರು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ, ದರ ಮೇಲಿದ್ದಾಗ ಕೇಳುವ ಅಗತ್ಯವೂ ಕಾಣಲಿಲ್ಲ.

ಉತ್ತರ 1999ರಿಂದ ಸಿಗತೊಡಗಿತು. 1990ರ ಸುಮಾರಿಗೆ ಕಾಫಿ ದೇಶಗಳ ಪಟ್ಟಿಯಲ್ಲಿ ಎಲ್ಲೋ ಕೆಳಗಿದ್ದ ವಿಯೆಟ್ನಾಂ ಹತ್ತೇ ವರ್ಷದಲ್ಲಿ ಜಗತ್ತಿನ ಎರಡನೆಯ ದೊಡ್ಡ ಉತ್ಪಾದಕನಾಗಿತ್ತು. ಬ್ರೆಜಿಲ್ ಕೂಡ ಹಿಮದ ಪೆಟ್ಟಿನಿಂದ ಚೇತರಿಸಿಕೊಂಡಿತ್ತು. 2001ರಲ್ಲಿ ಅದೇ ಸರಾಸರಿ ದರ 46 ಸೆಂಟ್‌ಗಿಂತ ಕೆಳಗಿಳಿಯಿತು. ಪೂಲ್ ಇದ್ದಿದ್ದರೂ ಜಗತ್ತಿನ ದರವನ್ನು ತಡೆಯಲು ಆಗುತ್ತಿರಲಿಲ್ಲ. ಆ ಭ್ರಮೆ ಬೇಡ. ಆದರೆ ಹೊಡೆತ ಬಿದ್ದ ರೀತಿ ಬೇರೆಯಾಗುತ್ತಿತ್ತು. 1994ರ ದರ ನಂಬಿ ಬ್ಯಾಂಕ್ ಸಾಲ ತಂದು ತೋಟ ವಿಸ್ತರಿಸಿದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳಲ್ಲಿ ಮೊದಲು ನಿಲ್ಲುವುದು ಗೊಬ್ಬರ, ಆಮೇಲೆ ಕಳೆ ತೆಗೆಯುವುದು, ಆಮೇಲೆ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು. ಒಂದು ತೋಟದ ಉದಾಸೀನ ಪಕ್ಕದ ತೋಟದ ರೋಗವಾಗುತ್ತದೆ. ಅಪಾಯ ಬೆಳೆಗಾರರ ಅಂಗಳದಲ್ಲೂ ನಿಲ್ಲಲಿಲ್ಲ, ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಿಗೂ ಇಳಿಯಿತು. ತೋಟದಲ್ಲಿ ಕೆಲಸದ ದಿನಗಳು ಕಡಿಮೆಯಾದಾಗ ಕಾರ್ಮಿಕರಿಗೆ ಬ್ಯಾಂಕಿನ ಬಾಗಿಲೂ ಇರಲಿಲ್ಲ, ಸರ್ಕಾರದ ಪ್ಯಾಕೇಜೂ ಇರಲಿಲ್ಲ. ಬೆಳೆಗಾರರಿಗೆ ಸಾಲ ಮರುಹೊಂದಾಣಿಕೆ ಬಂತು, 2010ರಲ್ಲಿ ಸಾಲ ಪರಿಹಾರ ಪ್ಯಾಕೇಜ್ ಬಂತು. ಎಂದರೆ ಏರಿಳಿತದ ಖರ್ಚನ್ನು ಸರ್ಕಾರ ಕೊನೆಗೂ ಹೊತ್ತಿತು, ಮುಂಚೆಯೇ ಸಿದ್ಧವಾಗಿ ಅಲ್ಲ, ಕೈಮೀರಿದ ಮೇಲೆ.

ಅರ್ಥಶಾಸ್ತ್ರದ ಪುಸ್ತಕ ಇದಕ್ಕೆ ಒಂದು ಪರಿಹಾರ ಹೇಳುತ್ತದೆ: ವಾಯಿದಾ ಮಾರುಕಟ್ಟೆ. ಮುಂದಿನ ಮಾರ್ಚ್ ದರವನ್ನು ಇಂದೇ ಕಟ್ಟಿಕೊಂಡರೆ ಕುಸಿತದ ಭಯವಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲೇ ಕಾಫಿಗೆಂದು ಒಂದು ವಾಯಿದಾ ವಿನಿಮಯ ಕೇಂದ್ರ ಶುರುವಾಗಿತ್ತು, ಅದು ಬೇರೂರಲಿಲ್ಲ. ಲಂಡನ್ನಿನಲ್ಲಿ ರೊಬಸ್ಟಾದ ಒಂದು ವಾಯಿದಾ ಒಪ್ಪಂದಕ್ಕೆ 10 ಟನ್ ಶುದ್ಧ ಬೀಜ ಬೇಕು. 50 ಕೆಜಿಯ ಒಂದು ಮೂಟೆ ಚೆರಿಯಿಂದ, ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನಿಂದ, 28 ಕೆಜಿ ಬೀಜ ಸಿಗುತ್ತದೆ ಎಂದಿಟ್ಟುಕೊಂಡರೆ ಅದು 350ಕ್ಕೂ ಹೆಚ್ಚು ಮೂಟೆ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು, ಅವುಗಳಲ್ಲೂ ಬಹುಪಾಲು ಎರಡು ಮೂರು ಎಕರೆಯವು. ಐವತ್ತು ಮೂಟೆ ಬೆಳೆಯುವವರಿಗೆ ಲಂಡನ್ ದರ ಮೊಬೈಲಿನಲ್ಲಿ ಕಾಣುತ್ತದೆ, ಕೈಗೆ ಎಟುಕುವುದಿಲ್ಲ.

ಕೈಗೆ ಎಟುಕುವುದು ಪೇಟೆಯ ವ್ಯಾಪಾರಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಿಯಂತ್ರಣಮುಕ್ತಿಯ ನಿಜವಾದ ಪರೀಕ್ಷೆ ನಡೆಯುವುದು ಅವನ ತಕ್ಕಡಿಯ ಮುಂದೆ. ರೊಬಸ್ಟಾ ಚೆರಿಯ ದರವನ್ನು ಕೊಡಗು, ಹಾಸನದ ಪೇಟೆಗಳಲ್ಲಿ ‘ಓಟಿ’ ಲೆಕ್ಕದಲ್ಲಿ ಹೇಳುತ್ತಾರೆ. ಔಟ್‌ಟರ್ನ್ ಎಂಬುದರ ಸಂಕ್ಷಿಪ್ತ ರೂಪ ಅದು. 50 ಕೆಜಿ ಒಣ ಚೆರಿಯನ್ನು ಸಿಪ್ಪೆ ಸುಲಿದಾಗ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಓಟಿ. ವ್ಯಾಪಾರಿ ಮೂಟೆಯಿಂದ ಒಂದಿಷ್ಟು ಚೆರಿ ತೆಗೆದು, ಸುಲಿದು, ತೂಗಿ, ಇದು 26 ಎನ್ನುತ್ತಾನೆ. ಓಟಿಗೆ 200 ರೂಪಾಯಿ ದರವಿದ್ದ ದಿನ ನಿಜವಾದ ಓಟಿ 28 ಆಗಿದ್ದರೆ ಮೂಟೆಗೆ 5,600 ರೂಪಾಯಿ ಬರಬೇಕು. 26 ಎಂದರೆ 5,200. ನೂರು ಮೂಟೆಗೆ 40,000 ರೂಪಾಯಿ ವ್ಯತ್ಯಾಸ. ತೇವಾಂಶ ಮಾಪಕದ ಮುಳ್ಳು ಅರ್ಧ ಅಂಕ ಆಚೀಚೆ ಆದರೂ ಹೀಗೆಯೇ. ಪ್ರಾಮಾಣಿಕ ವ್ಯಾಪಾರಿಗಳು ಬೇಕಾದಷ್ಟು ಜನ ಇದ್ದಾರೆ, ಮೂರು ತಲೆಮಾರಿನ ನಂಬಿಕೆಯ ಮೇಲೆ ನಡೆಯುವ ಅಂಗಡಿಗಳಿವೆ. ಆದರೆ ಅಳೆಯುವವನೂ ಕೊಳ್ಳುವವನೂ ಒಬ್ಬನೇ ಆದ ಕಡೆ ಪ್ರಾಮಾಣಿಕತೆ ವ್ಯಕ್ತಿಯ ಗುಣವಾಗಿ ಉಳಿಯುತ್ತದೆ, ವ್ಯವಸ್ಥೆಯ ಗುಣವಾಗುವುದಿಲ್ಲ.

ಇನ್ನೊಂದು ರೂಢಿ ಇದೆ. ಮನೆಯಲ್ಲಿ ಗೋದಾಮಿಲ್ಲದವರು ದರ ತೀರ್ಮಾನಿಸದೆಯೇ ಕಾಫಿಯನ್ನು ವ್ಯಾಪಾರಿಯ ಬಳಿ ಇಟ್ಟು, ಅದರ ಮೇಲೆ ಮುಂಗಡ ಪಡೆದು, ದರ ಏರಿದ ದಿನ ಲೆಕ್ಕ ಮಾಡಿಕೊಳ್ಳುತ್ತಾರೆ. ಕಾಗದದಲ್ಲಿ ನೋಡಿದರೆ ಇದು ಬೆಳೆಗಾರರಿಗೆ ಅನುಕೂಲ. ಆದರೆ ಆ ಕಾಫಿಯನ್ನು ವ್ಯಾಪಾರಿ ಅಂದೇ ಮಾರಿ ಹಣವನ್ನು ವ್ಯವಹಾರದಲ್ಲಿ ಹಾಕಿರುತ್ತಾನೆ. ದರ ಎರಡು ಪಟ್ಟು ಜಿಗಿದರೆ ಅವನ ಬಳಿ ಕೊಡಲು ಹಣವಿರುವುದಿಲ್ಲ. ಬೆಳೆಗಾರರ ಕೈಯಲ್ಲಿರುವುದು ಒಂದು ಚೀಟಿ. ಹಳೆಯ ಪೂಲ್ ಕೂಡ ಕಂತಿನಲ್ಲೇ ಹಣ ಕೊಡುತ್ತಿತ್ತು. ವ್ಯತ್ಯಾಸವೆಂದರೆ ಅದರ ಚೀಟಿಯ ಹಿಂದೆ ಕಾಯ್ದೆ ಇತ್ತು.

ಬೇರೆ ಸರಕುಗಳ ಕಥೆ ಇಷ್ಟು ಸ್ಪಷ್ಟವಲ್ಲ, ಏಕೆಂದರೆ ಅಲ್ಲಿ ನಿಯಂತ್ರಣ ಪೂರ್ತಿ ಹೋಗಲೇ ಇಲ್ಲ. ಪೆಟ್ರೋಲ್ ದರವನ್ನು 2010ರ ಜೂನ್‌ನಲ್ಲಿ, ಡೀಸೆಲ್ ದರವನ್ನು 2014ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಿಟ್ಟರು. ಮುಂದಿನ ಎರಡು ವರ್ಷ ಕಚ್ಚಾ ತೈಲ ಅಗ್ಗವಾದಾಗ ಕೇಂದ್ರ ಅಬಕಾರಿ ಸುಂಕ ಏರುತ್ತಾ ಹೋಯಿತು, ಇಳಿಕೆಯ ದೊಡ್ಡ ಪಾಲು ಬಂಕಿಗೆ ಬರಲಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ನಾಡಿಗೆ ಸಕ್ಕರೆಯ ಉದಾಹರಣೆ ಹತ್ತಿರದ್ದು. 2013ರಲ್ಲಿ ರಂಗರಾಜನ್ ಸಮಿತಿಯ ಶಿಫಾರಸಿನಂತೆ, ಕಾರ್ಖಾನೆಗಳು ಸರ್ಕಾರಕ್ಕೆ ಅಗ್ಗದ ದರದಲ್ಲಿ ಕೊಡಲೇಬೇಕಿದ್ದ ಲೆವಿ ಸಕ್ಕರೆ ಹೋಯಿತು. ಕಬ್ಬಿನ ದರ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ಒಂದು ತುದಿ ಕಟ್ಟಿ ಇನ್ನೊಂದು ತುದಿ ಬಿಟ್ಟರೆ ನಡುವೆ ರೈತರಿಗೆ ಕಾರ್ಖಾನೆಗಳು ಕೊಡಬೇಕಾದ ಬಾಕಿ ಬೆಳೆಯುತ್ತದೆ. ಐದೇ ವರ್ಷದಲ್ಲಿ, 2018ರಲ್ಲಿ, ಸಕ್ಕರೆಗೆ ಕೆಜಿಗೆ 29 ರೂಪಾಯಿಯ ಕನಿಷ್ಠ ಮಾರಾಟ ದರ ಕಟ್ಟಬೇಕಾಯಿತು, ಮರುವರ್ಷ ಅದು 31 ಆಯಿತು.

ಕಾಫಿಯಲ್ಲಿ ಹಾಗೆ ಹಿಂದೆ ಬರುವ ದಾರಿ ಇರಲಿಲ್ಲ. ಬೆಳೆಗಾರರು ತಮ್ಮ ದಾರಿ ತಾವೇ ಹುಡುಕಿದರು. ಹೆಚ್ಚು ಆರೈಕೆ ಬೇಡುವ ಅರೇಬಿಕಾ ಬಿಟ್ಟು ರೊಬಸ್ಟಾದತ್ತ ತಿರುಗಿದರು. ದೇಶದ ಅರೇಬಿಕಾ 1 ಲಕ್ಷ ಟನ್ ಆಸುಪಾಸಿನಲ್ಲೇ ನಿಂತಿದೆ, ಏರಿದ್ದೆಲ್ಲ ರೊಬಸ್ಟಾ. ಸಿಲ್ವರ್ ಓಕ್ ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸಿದರು. ಕಾಫಿ ಬಿದ್ದ ವರ್ಷ ಮೆಣಸು ಮನೆ ನಡೆಸಿತು. ಪೂಲ್ ಮಾಡುತ್ತಿದ್ದ ಏರಿಳಿತ ಹಂಚುವ ಕೆಲಸವನ್ನು ಈಗ ಒಂದು ಮರ ಮತ್ತು ಒಂದು ಬಳ್ಳಿ ಮಾಡುತ್ತಿವೆ. ಅದಕ್ಕಾಗಿ ಎಷ್ಟು ಕಾಡುಜಾತಿಯ ನೆರಳು ಮರಗಳು ಹೋದವು ಎಂಬುದನ್ನೂ ಆರ್ಥಿಕ ಪರಿಣಾಮದ ಲೆಕ್ಕಕ್ಕೆ ಸೇರಿಸಬೇಕು.

2024ರಲ್ಲಿ ಮತ್ತೆ ಬಂಗಾರದ ಕಾಲ ಬಂತು. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಿದ್ದು ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿತು. ನಮ್ಮಲ್ಲಿ ರೊಬಸ್ಟಾ ಚೆರಿ ಮೂಟೆಗೆ 10,000 ರೂಪಾಯಿ ದಾಟಿದ್ದು ಅದೇ ಮೊದಲು. ಇಂಥ ದರ ಕೊಯ್ಲು ಮುಗಿದ ಮೇಲೆ ಏರಿದಾಗ ಅದರ ಲಾಭ ಸಿಗುವುದು ಆ ತನಕ ಕಾಫಿಯನ್ನು ಇಟ್ಟುಕೊಂಡವರಿಗೆ. ಜನವರಿಯಲ್ಲಿ ಕೊಯ್ಲಿನ ಕೂಲಿ ಕೊಡಬೇಕಾದವರು ಜನವರಿಯಲ್ಲೇ ಮಾರಿರುತ್ತಾರೆ. ಸ್ವಾತಂತ್ರ್ಯ ಕಾಗದದ ಮೇಲೆ ಇಬ್ಬರಿಗೂ ಸಮ. ಬಳಸಲು ಬೇಕಾದದ್ದು ಗೋದಾಮು ಮತ್ತು ಮೂರು ತಿಂಗಳ ಖರ್ಚಿನ ಹಣ.

ಆದ್ದರಿಂದಲೇ ನಿಯಂತ್ರಣ ಬೇಕೇ ಬೇಡವೇ ಎಂಬ ಚರ್ಚೆ ನನಗೆ ಅರ್ಥಹೀನ ಅನ್ನಿಸುತ್ತದೆ. ಕೊಳ್ಳುವ ಏಕಸ್ವಾಮ್ಯ ಬಿಟ್ಟ ಸರ್ಕಾರ ಅಳೆಯುವ ಕೆಲಸವನ್ನು ಬಿಡಬೇಕಾಗಿರಲಿಲ್ಲ. ಹೋಬಳಿಗೊಂದು ಕಡೆ ವ್ಯಾಪಾರಿಯದಲ್ಲದ ತೇವಾಂಶ ಮಾಪಕ ಮತ್ತು ಓಟಿ ಪರೀಕ್ಷೆ, ಗೋದಾಮಿನ ರಸೀದಿ ತೋರಿಸಿದರೆ ಮೂರು ತಿಂಗಳಿಗೆ ಬ್ಯಾಂಕ್ ಸಾಲ, ದರ ತೀರ್ಮಾನವಾಗದೆ ಇಟ್ಟ ಕಾಫಿಗೆ ಕಾನೂನಿನ ಭದ್ರತೆ, ಇವು ಪೂಲ್ ಅಲ್ಲ. ಮುಕ್ತ ಮಾರುಕಟ್ಟೆ ನಡೆಯಲು ಬೇಕಾದ ಕನಿಷ್ಠ ಸಾಮಗ್ರಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷ ತುಂಬಿದೆ; ಕಾಂಡಕೊರಕದ ಕಾಟ ಇನ್ನೂ ತೀರಿಲ್ಲ. ಹೊಸ ತಳಿ ಹುಡುಕುವ ಕೆಲಸವನ್ನು ಯಾವ ಪೇಟೆಯೂ ಮಾಡುವುದಿಲ್ಲ. 1942ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರಲು 2022ರಲ್ಲಿ ಕರಡು ಸಿದ್ಧವಾದಾಗ ಇದನ್ನೆಲ್ಲ ಕೇಳುವ ಅವಕಾಶ ಒದಗಿತ್ತು.

ಈ ನಡುವೆ ನಿಯಂತ್ರಣ ಬೇರೆ ಬಾಗಿಲಿನಿಂದ ಬರುತ್ತಿದೆ. ನಮ್ಮ ಕಾಫಿಯ ಮೂರನೇ ಎರಡರಷ್ಟು ರಫ್ತಾಗುತ್ತದೆ, ಅದರಲ್ಲಿ ದೊಡ್ಡ ಗಿರಾಕಿ ಇಟಲಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಇಟಲಿಯೂ ಸೇರಿದ ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗಿದೆ, ನಿಯಮ ಹೋಗಿಲ್ಲ. ಪ್ರತಿಯೊಂದು ತೋಟದ ಜಾಗವನ್ನು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. 1942ರ ಕಾಯ್ದೆ ಕೇಳಿದ ಮೊದಲ ಕೆಲಸವೂ ತೋಟದ ನೋಂದಣಿಯೇ ಆಗಿತ್ತು. ಎರಡೆಕರೆಯ ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ, ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮ್ಮಾ ಬಾಣೆ ಭೂಮಿಯ ಪಹಣಿಯಲ್ಲಿ ಹತ್ತು ಜನರ ಹೆಸರಿರುವ ಕೊಡಗಿನ ಮನೆಗಳು ಈಗ ಮೊಬೈಲ್ ಹಿಡಿದು ತೋಟದ ಗಡಿ ಗುರುತಿಸಬೇಕು. ಹತ್ತು ಹೆಸರುಗಳ ಪಹಣಿಯಲ್ಲಿ ಯಾರ ಹೆಸರಿಗೆ ನೋಂದಣಿ, ಅಳತೆಯ ಖರ್ಚು ಯಾರದು ಎಂಬ ಪ್ರಶ್ನೆ ಹೊತ್ತು ಅವರು ಹೋಗುವುದು ಅದೇ ಕಾಫಿ ಮಂಡಳಿಯ ಕಚೇರಿಗೆ.